ಡ್ಯಾಶ್‌ಕ್ಯಾಮ್ ವಿಡಿಯೋ ನಡುಗ್ತಿದ್ಯಾ? ಮೊದ್ಲು ಬಾನೆಟ್ ನೋಡಿ, ಆಮೇಲೆ ಕ್ಯಾಮೆರಾ ಬೈರಿ

ಡ್ಯಾಶ್‌ಕ್ಯಾಮ್ ಹಾಕ್ಸಿದ ಹೊಸದ್ರಲ್ಲಿ ಯಾರೂ ವಿಡಿಯೋ ಕೂತು ನೋಡಲ್ಲ, ಲೈಟ್ ಮಿಣುಕ್ತಿದ್ರೆ ರೆಕಾರ್ಡ್ ಆಗ್ತಿದೆ ಅಂತ ನೆಮ್ಮದಿ, ಆಮೇಲೆ ಯಾವತ್ತೋ ಯಾರೋ ಸೈಡಲ್ಲಿ ತರಚ್ಕೊಂಡು ಹೋದಾಗ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದ್ರೆ ಚಿತ್ರ ಎಲ್ಲಾ ಗಡಗಡ ನಡುಗ್ತಿರುತ್ತೆ, ನಂಬರ್ ಪ್ಲೇಟಲ್ಲಿ ಕೆಎ ಅನ್ನೋದು ಬಿಟ್ರೆ ಏನೂ ಓದೋಕಾಗಲ್ಲ. ತಕ್ಷಣ ಬರೋ ಮಾತು, "ಕ್ಯಾಮೆರಾ ಡಬ್ಬ ಗುರು, ಜಾಸ್ತಿ ದುಡ್ಡಿಂದು ತಗೋಬೇಕಿತ್ತು". ಹೆಚ್ಚಿನ ಸಲ ಕ್ಯಾಮೆರಾದ್ದು ತಪ್ಪೇ ಇರಲ್ಲ. ಐದು ಸಾವಿರದ ಕ್ಯಾಮೆರಾನ ಗಟ್ಟಿಯಾಗಿ ಸರಿಯಾದ ಜಾಗದಲ್ಲಿ ಕೂರಿಸಿದ್ರೆ, ಉದ್ದ ಕೈ ಇರೋ ಸ್ಟ್ಯಾಂಡಲ್ಲಿ ನೇತಾಡ್ತಿರೋ ಇಪ್ಪತ್ತು ಸಾವಿರದ ಕ್ಯಾಮೆರಾಗಿಂತ ಚೆನ್ನಾಗೇ ಬರುತ್ತೆ.

ಇನ್ನೊಂದು ವಿಷ್ಯ, "ವಿಡಿಯೋ ಅಲ್ಲಾಡ್ತಿದೆ" ಅಂತ ನಾವು ಹೇಳೋದ್ರಲ್ಲಿ ಮೂರ್ನಾಲ್ಕು ಬೇರೆ ಬೇರೆ ಕಾಯಿಲೆ ಸೇರ್ಕೊಂಡಿರುತ್ತೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ಆಗಲ್ಲ. ಅದಕ್ಕೇ ಟೇಪು, ಸ್ಟ್ಯಾಂಡು ಅಂತ ದುಡ್ಡು ಸುರಿಯೋ ಮುಂಚೆ ಯಾವ ಕಾಯಿಲೆ ಅಂತ ಕಂಡುಹಿಡೀಬೇಕು, ಅದಕ್ಕೆ ಅರ್ಧ ಗಂಟೆ ಸಾಕು.

ಮೊದಲು ಟೆಸ್ಟ್

ಕ್ಯಾಮೆರಾ ಈಗ ಹೇಗಿದ್ಯೋ ಹಾಗೇ ಬಿಡಿ, ಏನೂ ಮುಟ್ಬೇಡಿ. ಗಾಡಿ ಸ್ಟಾರ್ಟ್ ಮಾಡಿ ನಿಂತಲ್ಲೇ ಎರಡು ನಿಮಿಷ ಬಿಡಿ, ಒಂದು ಸಲ ಎಸಿ ಆನ್ ಮಾಡಿ ಒಂದು ಸಲ ಆಫ್ ಮಾಡಿ. ಆಮೇಲೆ ಒಳ್ಳೆ ಟಾರ್ ರೋಡಲ್ಲಿ 40, 60, ರೋಡ್ ಅನುಮತಿಸಿದ್ರೆ 80ರಲ್ಲಿ ಒಂದೊಂದು ನಿಮಿಷ. ಕೊನೆಗೆ ನಿಮ್ಮ ಏರಿಯಾದಲ್ಲಿ ಯಾವುದಾದ್ರೂ ಹಂಪು, ಗುಂಡಿ ಇರೋ ರಸ್ತೆ, ಅದನ್ನ ಹುಡ್ಕೋಕೆ ಕಷ್ಟ ಪಡ್ಬೇಕಾಗಿಲ್ಲ ಬಿಡಿ. ಆಮೇಲೆ ಕಾರ್ಡ್ ತೆಗೆದು ಕಂಪ್ಯೂಟರ್‌ನಲ್ಲಿ ನೋಡಿ. ಫೋನ್ ಆ್ಯಪಲ್ಲಿ ವೈಫೈಲಿ ಬರೋ ಲೈವ್ ನೋಡಿ ಯಾವ ತೀರ್ಮಾನಕ್ಕೂ ಬರ್ಬೇಡಿ, ಅದು ಕಮ್ಮಿ ಕ್ವಾಲಿಟಿದು, ತಡವರಿಸ್ತಾನೇ ಬರುತ್ತೆ.

ಈಗ ನೋಡೋ ರೀತಿ. ಚಿತ್ರದ ಕೆಳಗಡೆ ಬಾನೆಟ್ ಅಂಚು ಕಾಣುತ್ತಲ್ಲ, ವಿಡಿಯೋ ಅಲ್ಲೇ ನಿಲ್ಸಿ ಮಾನಿಟರ್ ಮೇಲೆ ಸರಿಯಾಗಿ ಆ ಅಂಚಿಗೆ ಒಂದು ಚೂರು ಸೆಲೋಟೇಪ್ ಅಂಟ್ಸಿ. ಬಾನೆಟ್ ಕಾಣ್ತಿಲ್ಲ ಅಂದ್ರೆ ವೈಪರ್ ತುದಿನೋ, ಗ್ಲಾಸ್ ಮೇಲಿರೋ ಫಾಸ್ಟ್ಯಾಗ್ ಸ್ಟಿಕರ್ ಅಂಚೋ ಏನೋ ಒಂದು ಗಾಡಿಗೆ ಸೇರಿದ್ದು ಹುಡ್ಕಿ. ಈಗ ಪ್ಲೇ ಮಾಡಿ ರಸ್ತೆ ಕಡೆ ನೋಡ್ದೆ ಆ ಟೇಪ್ ಚೂರನ್ನೇ ನೋಡಿ.

ಬಾನೆಟ್ ಅಂಚು ಟೇಪ್ ಮೇಲೆ ಕೆಳಗೆ ಕುಣೀತಿದ್ರೆ ಗಾಡಿಗೂ ಕ್ಯಾಮೆರಾಗೂ ನಡುವೆ ಏನೋ ಸಡಿಲ ಇದೆ, ಅಂದ್ರೆ ಮೌಂಟ್ (ಕ್ಯಾಮೆರಾ ಹಿಡಿದಿಡೋ ಸ್ಟ್ಯಾಂಡ್) ಸಮಸ್ಯೆ. ಬಾನೆಟ್ ಕಲ್ಲಿನ ಹಾಗೆ ನಿಂತಿದೆ, ಆದ್ರೆ ಆಚೆ ರಸ್ತೆ, ಮರ, ಮುಂದಿನ ಬಸ್ಸು ಎಲ್ಲಾ ಮೇಲೆ ಕೆಳಗೆ ಹೋಗ್ತಿದೆ ಅಂದ್ರೆ ಅದು ನಿಮ್ಮ ಸಸ್ಪೆನ್ಷನ್ನು ಮತ್ತೆ ಪಿಡಬ್ಲ್ಯೂಡಿ ಕೃಪೆ, ಅದಕ್ಕೆ ಮೌಂಟ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಬಾನೆಟ್ಟೇ ಸೊಟ್ಟ ಸೊಟ್ಟ ಬಳುಕ್ತಿದೆ, ಲೈಟ್ ಕಂಬಗಳು ಅಲೆ ಅಲೆಯಾಗಿ ಕಾಣ್ತಿವೆ ಅಂದ್ರೆ ಸಣ್ಣ, ಆದ್ರೆ ವೇಗವಾದ ನಡುಕ ಸೆನ್ಸರ್ ತನಕ ಹೋಗ್ತಿದೆ: ಈ ಕ್ಯಾಮೆರಾಗಳ ಸೆನ್ಸರ್ ಚಿತ್ರಾನ ಒಂದೇ ಏಟಿಗೆ ಹಿಡಿಯಲ್ಲ, ಸಾಲು ಸಾಲಾಗಿ ಓದುತ್ತೆ, ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರೋಷ್ಟರಲ್ಲಿ ಕ್ಯಾಮೆರಾ ಜರುಗಿದ್ರೆ ನೆಟ್ಟಗಿರೋ ಕಂಬನೂ ಬಾಗುತ್ತೆ. ಇನ್ನು ಬಾನೆಟ್ಟೂ ಸರಿ ಇದೆ ರಸ್ತೆನೂ ಸರಿ ಇದೆ ಆದ್ರೆ ವಿಡಿಯೋ ಗಕ್ ಗಕ್ ಅಂತ ನೆಗೀತಿದೆ ಅಂದ್ರೆ ಅದು ನಡುಕಾನೇ ಅಲ್ಲ, ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಹಾರಿ ಹೋಗ್ತಿದೆ, ಕಾರ್ಡೋ ಕರೆಂಟೋ ನೋಡ್ಬೇಕು.

ಜಾಗ

ಮುಂದಿನ ಗ್ಲಾಸ್ ಪೂರ್ತಿ ಒಂದೇ ಥರ ಗಟ್ಟಿ ಅಂತ ಅನ್ಕೊಂಡಿರ್ತೀವಿ. ಅದು ಸುತ್ತಲೂ ಅಂಚಲ್ಲಿ ಮಾತ್ರ ಬಾಡಿಗೆ ಅಂಟಿರೋದು, ಹಾಗಾಗಿ ನಟ್ಟನಡುವೆ ಹೆಚ್ಚು ನಡುಗುತ್ತೆ, ಅಂಚಿಗೆ ಹೋದಷ್ಟೂ ಕಮ್ಮಿ. ಆದ್ರಿಂದ ಕ್ಯಾಮೆರಾ ಮೇಲಕ್ಕೆ, ರೂಫ್ ಹತ್ರ, ಒಳಗಿನ ಮಿರರ್ ಹಿಂದೆ ಪ್ಯಾಸೆಂಜರ್ ಕಡೆಗೆ ಇರ್ಲಿ. ಡ್ರೈವರ್ ಕಣ್ಣಿಗೂ ಅಡ್ಡ ಬರಲ್ಲ. ಮೇಲಂಚಲ್ಲಿ ಕಪ್ಪು ಚುಕ್ಕಿ ಚುಕ್ಕಿ ಇರುತ್ತಲ್ಲ, ಅದರ ಮೇಲೆ ಅಂಟಿಸ್ಬೇಡಿ, ಅದು ತರಿತರಿ, ಟೇಪ್ ಪೂರ್ತಿ ಕಚ್ಚಲ್ಲ, ಬಿಸಿಲಿಗೆ ಒಂದು ದಿನ ಕೈಗೆ ಬರುತ್ತೆ. ಚುಕ್ಕಿ ಮುಗಿದ ತಕ್ಷಣ ಬರೋ ನುಣುಪು ಗ್ಲಾಸ್, ಆದ್ರೆ ವೈಪರ್ ಒರೆಸೋ ಜಾಗದ ಒಳಗೇ ಇರ್ಬೇಕು, ಇಲ್ಲಾಂದ್ರೆ ಮಳೆಗಾಲದಲ್ಲಿ ನಾಲ್ಕು ತಿಂಗಳು ನೀರಿನ ಹನಿ ಮಾತ್ರ ರೆಕಾರ್ಡ್ ಆಗುತ್ತೆ. ಹೊಸ ಗಾಡೀಲಿ ಅಡಾಸ್ (ಡ್ರೈವರಿಗೆ ನೆರವಾಗೋ ಸಿಸ್ಟಮ್) ಕ್ಯಾಮೆರಾ ಇದ್ರೆ ಅದರ ಮುಂದೆ ಬರ್ದೆ ಇರೋ ಹಾಗೆ ನೋಡ್ಕೊಳ್ಳಿ.

ಡ್ಯಾಶ್‌ಬೋರ್ಡ್ ಮೇಲೆ ಇಡೋದು ಬೇಡ. ಆ ಪ್ಲಾಸ್ಟಿಕ್ ಒತ್ತಿದ್ರೆ ಬಗ್ಗುತ್ತೆ, ಅದರ ಮೇಲೆ ಕೂತ ಕ್ಯಾಮೆರಾನೂ ಬಗ್ಗುತ್ತೆ, ಜೊತೆಗೆ ಗ್ಲಾಸಲ್ಲಿ ಅದರದ್ದೇ ಪ್ರತಿಬಿಂಬ. ಮಿರರ್ ಮೇಲೆ ರಬ್ಬರ್ ಪಟ್ಟಿ ಹಾಕಿ ಕಟ್ಟೋ ಮಿರರ್ ಡ್ಯಾಶ್‌ಕ್ಯಾಮ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೇದಿಲ್ಲ, ಒಳಗಿನ ಮಿರರ್ರೇ ಒಂದು ಕಡ್ಡಿ ಮೇಲೆ ನಿಂತಿರೋದು, ಅದಕ್ಕೆ ಇನ್ನಷ್ಟು ತೂಕ ನೇತುಹಾಕಿದ್ರೆ ನಡುಗದೆ ಇನ್ನೇನಾಗುತ್ತೆ. ಈಗಾಗ್ಲೇ ಇದ್ರೆ ರಬ್ಬರ್ ಪಟ್ಟಿ ಹೊಸದು ಹಾಕಿ ಬಿಗಿ ಮಾಡಿ, ಅಷ್ಟು ಬಿಟ್ರೆ ಬೇರೆ ದಾರಿ ಇಲ್ಲ.

ಅಂಟಿಸೋದು, ಇಲ್ಲಿ ಅವಸರ ಬೇಡ

ಅರ್ಧದಷ್ಟು ಸಮಸ್ಯೆ ಇಲ್ಲೇ ಮುಗಿಯುತ್ತೆ ಅಂತ ನನ್ನ ಅಂದಾಜು. ವ್ಯಾಕ್ಯೂಮ್ ಕಪ್ ಬೇಡ. ದಿನಾ ಬಿಚ್ಚಿ ಹಾಕೋ ಕ್ಯಾಬ್‌ನೋರಿಗೆ ಅದು ಅನುಕೂಲ, ಒಪ್ತೀನಿ, ಆದ್ರೆ ಕಲಬುರಗಿ, ರಾಯಚೂರು ಕಡೆ ಏಪ್ರಿಲ್ ಬಿಸಿಲಲ್ಲಿ ನಿಲ್ಸಿದ ಗಾಡೀಲಿ ಆ ರಬ್ಬರ್ ಮೆತ್ತಗಾಗಿ ಗಾಳಿ ಒಳಗೆ ಬಿಟ್ಕೊಂಡು ಕ್ಯಾಮೆರಾ ದಬ್ ಅಂತ ಕೆಳಗೆ ಬೀಳುತ್ತೆ. ಬೀಳ್ದೇ ಇದ್ರೂ ಕಪ್ ಅನ್ನೋದು ಸ್ಪ್ರಿಂಗ್ ಥರಾನೇ ಕೆಲಸ ಮಾಡೋದು.

3ಎಂ ಕಂಪನಿಯ ವಿಎಚ್‌ಬಿ ಟೇಪ್ (ಎರಡೂ ಕಡೆ ಗಟ್ಟಿಯಾಗಿ ಅಂಟೋದು) ತಗೊಳ್ಳಿ, ಬೆಂಗಳೂರಲ್ಲಾದ್ರೆ ಜೆಸಿ ರೋಡ್ ಆ್ಯಕ್ಸೆಸರಿ ಅಂಗಡೀಲಿ, ಎಸ್‌ಪಿ ರೋಡಲ್ಲಿ ಸಿಗುತ್ತೆ, ಬೇರೆ ಊರಲ್ಲಿ ಆನ್‌ಲೈನ್. ಬೀದೀಲಿ ಸಿಗೋ ದಪ್ಪ ಸ್ಪಂಜಿನ ಡಬಲ್ ಸೈಡ್ ಟೇಪ್ ಬೇಡ, ಸ್ಪಂಜ್ ದಪ್ಪ ಆದಷ್ಟೂ ಕ್ಯಾಮೆರಾ ಅದರ ಮೇಲೆ ತೂಗಾಡುತ್ತೆ.

ಹಳೇ ಟೇಪ್ ತೆಗೆಯೋಕೆ ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ, ಗ್ಲಾಸ್ ಹೋದ್ರೆ ಕ್ಯಾಮೆರಾ ದುಡ್ಡಿನ ಮೂರು ಪಟ್ಟು. ಹೇರ್ ಡ್ರೈಯರಲ್ಲಿ ಸ್ವಲ್ಪ ಬಿಸಿ ಮಾಡಿ, ಮೀನು ಹಿಡಿಯೋ ನೈಲಾನ್ ದಾರ ಅಥವಾ ಡೆಂಟಲ್ ಫ್ಲಾಸ್ ತಗೊಂಡು ಟೇಪಿಗೂ ಗ್ಲಾಸಿಗೂ ನಡುವೆ ಗರಗಸದ ಥರ ಆ ಕಡೆ ಈ ಕಡೆ ಎಳೀರಿ, ಸಲೀಸಾಗಿ ಬರುತ್ತೆ. ಆಮೇಲೆ ಗ್ಲಾಸ್ ಒಳಭಾಗ ಐಸೋಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ, ಕೊಲಿನ್ ಥರದ್ದು ಬೇಡ, ಅದು ಒಣಗಿದ್ಮೇಲೂ ತೆಳು ಪೊರೆ ಬಿಟ್ಟಿರುತ್ತೆ. ಒರೆಸಿದ್ಮೇಲೆ ಬೆರಳು ಇಟ್ಟು ನೋಡೋ ಚಪಲ ತಡ್ಕೊಳ್ಳಿ.

ಬೆಚ್ಚಗಿರೋ ಹೊತ್ತಲ್ಲಿ ಅಂಟಿಸಿ, ಈ ಟೇಪಿಗೆ 21ರಿಂದ 38 ಡಿಗ್ರಿ ಒಳ್ಳೇದು. ಮಡಿಕೇರಿ, ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಗ್ಗೆ ಮಾಡೋದಾದ್ರೆ ಮೊದ್ಲು ಡಿಫಾಗರ್ ಬಿಸಿಗಾಳಿ ಹತ್ತು ನಿಮಿಷ ಬಿಡಿ. ಒಂದು ಅಂಚಿಂದ ಶುರು ಮಾಡಿ ಒತ್ಕೊಂಡು ಬನ್ನಿ, ನಡುವೆ ಗಾಳಿ ಗುಳ್ಳೆ ಸಿಕ್ಕಾಕೊಳ್ದಂಗೆ, ಆಮೇಲೆ ಹೆಬ್ಬೆರಳಲ್ಲಿ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡೀರಿ. ಹೊರಗಡೆಯಿಂದ ನೋಡಿದ್ರೆ ಟೇಪ್ ಪೂರ್ತಿ ಒಂದೇ ಬಣ್ಣಕ್ಕೆ ಕಾಣ್ಬೇಕು, ಎಲ್ಲಾದ್ರೂ ಬೆಳ್ಳಗೆ ಮಚ್ಚೆ ಇದ್ರೆ ಅಲ್ಲಿ ಅಂಟಿಲ್ಲ ಅಂತ ಅರ್ಥ. ಮುಖ್ಯ ವಿಷ್ಯ, ಆ ತಕ್ಷಣ ಕ್ಯಾಮೆರಾ ತೂಗುಹಾಕ್ಬೇಡಿ. 3ಎಂ ಲೆಕ್ಕದ ಪ್ರಕಾರ ಇಪ್ಪತ್ತು ನಿಮಿಷಕ್ಕೆ ಅರ್ಧ ಹಿಡಿತ, 24 ಗಂಟೆಗೆ 90 ಪರ್ಸೆಂಟ್, ಪೂರ್ತಿ ಬರೋಕೆ 72 ಗಂಟೆ. ಬರೀ ಬ್ರಾಕೆಟ್ ಅಂಟಿಸಿ ಒಂದು ದಿನ ಬಿಟ್ಟು ಕ್ಯಾಮೆರಾ ಸಿಗಿಸಿ.

ಬಾಕ್ಸ್ ಜೊತೆ ಒಂದು ಪಾರದರ್ಶಕ ಹಾಳೆ ಬಂದಿರುತ್ತೆ, ಗ್ಲಾಸಿಗೆ ಅಂಟಿಲ್ಲದೆ ಕಚ್ಕೊಳ್ಳೋದು, ಅದರ ಮೇಲೆ ಟೇಪ್ ಹಾಕಿ ಅಂತ ಮ್ಯಾನ್ಯುಯಲ್ ಹೇಳುತ್ತೆ. ಮುಂದೆ ಸುಲಭವಾಗಿ ತೆಗೀಬೋದು ಅನ್ನೋದೊಂದೇ ಲಾಭ. ನಾನಂತೂ ಆ ಹಾಳೆ ಬಿಟ್ಟು ನೇರ ಗ್ಲಾಸಿಗೇ ಅಂಟಿಸಿ ಅಂತೀನಿ, ಹಾಳೆ ಒಳಗೆ ಒಂದು ಗುಳ್ಳೆ ಉಳಿದ್ರೂ ಅಲ್ಲೇ ಸಡಿಲ.

ಕೈ, ಗಂಟು, ವೈರ್

ಮೌಂಟಿನ ಕೈ ಉದ್ದ ಇದ್ದಷ್ಟೂ ತುದೀಲಿ ನಡುಕ ಜಾಸ್ತಿ, ಕಬ್ಬಿನ ಜಲ್ಲೆ ಬುಡ ಹಿಡ್ಕೊಂಡು ಒಂಚೂರು ಅಲ್ಲಾಡಿಸಿದ್ರೆ ತುದಿ ಎಷ್ಟು ತೂಗುತ್ತೆ ನೋಡಿ, ಅಷ್ಟೇ. ಆದಷ್ಟು ಗಿಡ್ಡ ಮೌಂಟ್, ಆಗೋದಾದ್ರೆ ಕ್ಯಾಮೆರಾ ಬೆನ್ನೇ ಗ್ಲಾಸಿಗೆ ಕೂರೋ ಮಾಡೆಲ್. ಈಗಿರೋ ಉದ್ದ ಕೈದನ್ನ ಬದಲಾಯಿಸೋಕಾಗಲ್ಲ ಅಂದ್ರೆ ಕ್ಯಾಮೆರಾ ಮೇಲ್ಭಾಗಕ್ಕೂ ಗ್ಲಾಸಿಗೂ ನಡುವೆ ಒಂದು ಗಟ್ಟಿ ರಬ್ಬರ್ ಅಥವಾ ಫೋಮ್ ಚೂರು ಸಿಗಿಸಿ, ಸ್ವಲ್ಪ ಒತ್ತಿ ಕೂರ್ಬೇಕು. ಒಂದು ಕಡೆ ಮಾತ್ರ ಆಧಾರ ಇದ್ದದ್ದು ಎರಡು ಕಡೆ ಆಗುತ್ತೆ, ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಆಮೇಲೆ ಬಾಲ್ ಜಾಯಿಂಟ್. ಗಾಡಿ ಆಫ್ ಮಾಡಿ ಕ್ಯಾಮೆರಾನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಲೊಟ್ ಲೊಟ್ ಅಂತ ಸಣ್ಣಗೆ ಕೈಗೆ ಗೊತ್ತಾದ್ರೆ ಅದೇ ಕಳ್ಳ. ಸ್ಕ್ರೂ ಇದ್ರೆ ಬಿಗಿ ಮಾಡಿ, ಸ್ಕ್ರೂ ಇಲ್ದೆ ಬರೀ ಒತ್ತಿ ಕೂರಿಸೋ ಗಂಟಾಗಿದ್ರೆ ಬಿಚ್ಚಿ ಆ ಉಂಡೆಗೆ ಪ್ಲಂಬರ್ ಬಳಸೋ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ ವಾಪಸ್ ಕೂರಿಸಿ, ಹತ್ತಿಪ್ಪತ್ತು ರೂಪಾಯಿ ಕೆಲಸ. ಫೆವಿಕ್ವಿಕ್ ಮಾತ್ರ ಹಾಕ್ಬೇಡಿ, ಆಮೇಲೆ ಆ್ಯಂಗಲ್ ಬದಲಾಯಿಸೋ ಮಾತೇ ಇಲ್ಲ. ಲೆನ್ಸ್ ಮೇಲೆ ಸಿಪಿಎಲ್ ಫಿಲ್ಟರ್ (ಗ್ಲಾಸಿನ ಪ್ರತಿಫಲನ ಕಮ್ಮಿ ಮಾಡೋದು) ಹಾಕಿದ್ರೆ ಅದೂ ಸಡಿಲ ಇದ್ಯಾ ನೋಡಿ.

ವೈರ್ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. ಕ್ಯಾಮೆರಾದಿಂದ ನೇರ ಕೆಳಗೆ ಚಾರ್ಜರ್ ತನಕ ನೇತಾಡೋ ವೈರ್ ಪ್ರತಿ ಗುಂಡಿಗೂ ಕ್ಯಾಮೆರಾನ ಜಗ್ಗುತ್ತೆ. ಕ್ಯಾಮೆರಾ ಹತ್ರ ಒಂದು ಸಣ್ಣ ಸುತ್ತು ಸಡಿಲ ಬಿಟ್ಟು, ಅಲ್ಲೇ ಗ್ಲಾಸ್ ಮೇಲೆ ಕ್ಲಿಪ್ ಹಾಕಿ, ಮಿಕ್ಕಿದ್ದನ್ನ ರೂಫ್ ಲೈನಿಂಗ್ ಒಳಗೆ ತೂರಿಸಿ. ಎ ಪಿಲ್ಲರ್ (ಮುಂದಿನ ಗ್ಲಾಸ್ ಪಕ್ಕದ ಕಂಬ) ಕಡೆಯಿಂದ ಕೆಳಗೆ ಇಳಿಸುವಾಗ ಕರ್ಟನ್ ಏರ್‌ಬ್ಯಾಗ್ ಇದ್ರೆ ವೈರ್ ಅದರ ಹಿಂದೆ ಹೋಗ್ಬೇಕು, ಮುಂದೆ ಅಡ್ಡ ಬರ್ಬಾರ್ದು. ಧೈರ್ಯ ಇಲ್ಲಾಂದ್ರೆ ಗೊತ್ತಿರೋ ಕಾರ್ ಎಲೆಕ್ಟ್ರಿಷಿಯನ್ ಹತ್ರ ಮಾಡ್ಸಿ, ಆದ್ರೆ ಎದುರಿಗೇ ನಿಂತು ನೋಡಿ.

ಗಾಡೀದೇ ನಡುಕ ಆಗಿದ್ರೆ

ಸಿಗ್ನಲಲ್ಲಿ ನಿಂತಾಗ ಮಾತ್ರ ವಿಡಿಯೋ ಜೆಲ್ಲಿ ಥರ ಆಡ್ತಿದೆ, ಓಡುವಾಗ ಸರಿ ಅಂತ ಸುಮಾರು ಜನ ಕೇಳ್ತಾರೆ. ಲೆಕ್ಕ ಹಾಕಿ ನೋಡಿ, ನಾಲ್ಕು ಸಿಲಿಂಡರ್ ಡೀಸೆಲ್ ಗಾಡಿ 800 ಆರ್‌ಪಿಎಂನಲ್ಲಿ ಐಡಲ್ ಆದ್ರೆ ಸೆಕೆಂಡಿಗೆ ಸುಮಾರು 27 ಸಲ ಫೈರಿಂಗ್ ಆಗುತ್ತೆ, ನಿಮ್ಮ ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತೆ. ಎರಡೂ ಹತ್ರ ಹತ್ರ ಇರೋದ್ರಿಂದ, ಕಣ್ಣಿಗೆ ಕಾಣದಷ್ಟು ವೇಗದ ನಡುಕ ವಿಡಿಯೋದಲ್ಲಿ ಸೆಕೆಂಡಿಗೆ ಮೂರು ಸಲ ತೂಗೋ ನಿಧಾನ ಕುಣಿತ ಆಗಿ ಕಾಣುತ್ತೆ. ಮೂರು ಸಿಲಿಂಡರ್ ಪೆಟ್ರೋಲ್ ಗಾಡೀಲಿ ಅದೇ 800ಕ್ಕೆ ಸೆಕೆಂಡಿಗೆ 20. ಎಸಿ ಆನ್ ಆದಾಗ ಐಡಲ್ ಏರಿಳಿದು ಈ ಕುಣಿತದ ತಾಳ ಬದಲಾದ್ರೆ ಇದೇ ಅಂತ ಖಾತ್ರಿ, ಅದಕ್ಕೇ ಎಸಿ ಹಾಕಿ ತೆಗೆದು ಟೆಸ್ಟ್ ಮಾಡಿ ಅಂದಿದ್ದು. ಗಿಡ್ಡ ಮೌಂಟ್, ಗ್ಲಾಸ್ ಅಂಚು, ಆ ಫೋಮ್ ಚೂರು ಮೂರೂ ಸೇರಿದ್ರೆ ಬಹಳ ಕಮ್ಮಿ ಆಗುತ್ತೆ. ನಿಮಗೇ ಸ್ಟೇರಿಂಗಲ್ಲಿ, ಸೀಟಲ್ಲಿ ನಡುಕ ಮೊದ್ಲಿಗಿಂತ ಜಾಸ್ತಿ ಅನ್ಸಿದ್ರೆ ಎಂಜಿನ್ ಮೌಂಟ್ ತೋರಿಸಿ.

80-90ರಲ್ಲಿ ಮಾತ್ರ ನಡುಕ, 60ಕ್ಕೆ ಇಳಿದ್ರೆ ಮಾಯ ಅಂದ್ರೆ ವೀಲ್ ಬ್ಯಾಲೆನ್ಸಿಂಗ್. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಥರದ ರೋಡಲ್ಲಿ ತಕ್ಷಣ ಗೊತ್ತಾಗುತ್ತೆ, ಮಾಮೂಲಿ ಸಿಟಿ ಓಡಾಟದಲ್ಲಿ ಗೊತ್ತೇ ಆಗಲ್ಲ. ಗಾಳಿನೂ ನೋಡಿ, ಕೆಲವು ಪಂಕ್ಚರ್ ಅಂಗಡೀಲಿ ಕೇಳ್ದೇನೇ 40 ತುಂಬಿಸಿಬಿಡ್ತಾರೆ, ಡ್ರೈವರ್ ಬಾಗಿಲ ಹತ್ರ ಸ್ಟಿಕರಲ್ಲಿ ಬರೆದಿರೋಷ್ಟು ಹಾಕ್ಸಿ.

ಬೈಕಿನ ಹ್ಯಾಂಡಲ್‌ಗೆ ಫೋನ್ ಕಟ್ಟಿ ಡ್ಯಾಶ್‌ಕ್ಯಾಮ್ ಮಾಡ್ಕೊಳ್ಳೋರಿಗೆ ಒಂದು ಮಾತು: ದೊಡ್ಡ ಬೈಕ್ ಎಂಜಿನ್ ನಡುಕಕ್ಕೆ ಐಫೋನ್ ಕ್ಯಾಮೆರಾ ಒಳಗಿನ ಸ್ಟೆಬಿಲೈಜೇಷನ್ (ನಡುಕ ತಡೆಯೋ ವ್ಯವಸ್ಥೆ), ಆಟೋಫೋಕಸ್ ಹಾಳಾಗ್ಬೋದು ಅಂತ 2021ರಲ್ಲಿ ಆಪಲ್‌ನೋರೇ ಹೇಳಿದ್ರು.

ಸೆಟ್ಟಿಂಗ್

4ಕೆ 30 ಎಫ್‌ಪಿಎಸ್ಸೋ (ಸೆಕೆಂಡಿಗೆ 30 ಫ್ರೇಮ್), 1080ಪಿ 60 ಎಫ್‌ಪಿಎಸ್ಸೋ ಅಂತ ಆಯ್ಕೆ ಇದ್ರೆ ಹಗಲಿಗೆ ಮೊದಲನೇದು, ವೇಗವಾಗಿ ಹೈವೇ ಓಡಿಸೋರಿಗೆ ಎರಡನೇದು ಪರ್ವಾಗಿಲ್ಲ. ರಾತ್ರಿ ವಿಷ್ಯ ಬೇರೆ. ಕತ್ತಲಲ್ಲಿ ಕ್ಯಾಮೆರಾ ಒಂದೊಂದು ಫ್ರೇಮಿಗೂ ಶಟರ್ ಹೆಚ್ಚು ಹೊತ್ತು ತೆಗೆದಿಡುತ್ತೆ, 1/30 ಸೆಕೆಂಡ್ ಅಂತಿಟ್ಕೊಳ್ಳಿ, 60ರಲ್ಲಿ ಹೋಗ್ತಿರೋ ನಿಮ್ಮ ಗಾಡಿ ಅಷ್ಟರಲ್ಲಿ 55 ಸೆಂಟಿಮೀಟರ್ ಮುಂದೆ ಹೋಗಿರುತ್ತೆ. ಪಕ್ಕದಲ್ಲಿ ನಿಂತಿರೋ ಗಾಡಿ ನಂಬರ್ ಎಲ್ಲಿಂದ ಓದ್ತೀರ, ಅದು ನಡುಕ ಅಲ್ಲ, ಕಲಸಿ ಹೋಗಿರೋದು. ನಿಮ್ಮಷ್ಟೇ ವೇಗದಲ್ಲಿ ಮುಂದೆ ಹೋಗ್ತಿರೋ ಗಾಡಿ ನಂಬರ್ ಮಾತ್ರ ಸರಿಯಾಗಿ ಬರುತ್ತೆ. ಎಕ್ಸ್‌ಪೋಷರ್ ಅಂತ ಇರುತ್ತಲ್ಲ, ಅದನ್ನ ಸೊನ್ನೆಯಿಂದ ಒಂದೆರಡು ಮನೆ ಕೆಳಗಿಳಿಸಿ, ಚಿತ್ರ ಸ್ವಲ್ಪ ಕಪ್ಪಾದ್ರೂ ಪ್ಲೇಟ್ ಬೆಳ್ಳಗೆ ಸುಟ್ಟು ಹೋಗಲ್ಲ. ಎಚ್‌ಡಿಆರ್ (ಬೆಳಕು-ಕತ್ತಲೆ ಸರಿದೂಗಿಸೋ ಮೋಡ್) ಆನ್ ಇದ್ದು ರಾತ್ರಿ ನೆರಳು ಎರಡೆರಡು ಕಾಣ್ತಿದ್ರೆ ಆಫ್ ಮಾಡಿ ಹೋಲಿಸಿ ನೋಡಿ.

ಬಿಟ್‌ರೇಟ್ ಅಥವಾ ವಿಡಿಯೋ ಕ್ವಾಲಿಟಿ ಅಂತಿದ್ರೆ ಹೈ ಮಾಡಿ. ಶಿರಾಡಿ ಘಾಟ್, ಚಾರ್ಮಾಡಿ ಕಡೆ ಎರಡೂ ಬದಿ ಎಲೆ ಎಲೆ ಎಲೆ, ಪ್ರತಿ ಫ್ರೇಮಲ್ಲೂ ಎಲ್ಲಾ ಬದಲಾಗ್ತಿರುತ್ತೆ, ಕಮ್ಮಿ ಬಿಟ್‌ರೇಟಲ್ಲಿ ಕ್ಯಾಮೆರಾ ಅದನ್ನೆಲ್ಲ ಹಿಂಡಿ ಚೌಕ ಚೌಕ ಮಾಡಿಹಾಕುತ್ತೆ, ನೋಡೋರಿಗೆ ಅದೂ ನಡುಕದ ಥರಾನೇ ಕಾಣುತ್ತೆ. ಫ್ರೀಕ್ವೆನ್ಸಿ ಸೆಟ್ಟಿಂಗ್ 60 ಹರ್ಟ್ಜ್ ಇದ್ರೆ 50ಕ್ಕೆ ಹಾಕಿ, ನಮ್ಮ ಕರೆಂಟು 50, ಬೀದಿ ದೀಪ ಮಿಣಮಿಣ ಅನ್ನೋದು ಕಮ್ಮಿ ಆಗುತ್ತೆ.

ಎಲೆಕ್ಟ್ರಾನಿಕ್ ಸ್ಟೆಬಿಲೈಜೇಷನ್ ಹೆಚ್ಚಿನ ಡ್ಯಾಶ್‌ಕ್ಯಾಮಲ್ಲಿ ಇರಲ್ಲ. ಆಕ್ಷನ್ ಕ್ಯಾಮೆರಾ ಬಳಸೋರು ಅದನ್ನ ಫುಲ್ ಇಟ್ಕೊಂಡಿರ್ತಾರೆ, ಘಾಟಿ ತಿರುವಲ್ಲಿ ಗಾಡಿ ತಿರುಗಿದ್ರೆ ಅದು "ಓ ಕ್ಯಾಮೆರಾ ಅಲ್ಲಾಡ್ತು" ಅಂತ ಚಿತ್ರಾನ ಹಿಂದಕ್ಕೆ ಹಿಡಿದು ಆಮೇಲೆ ಜರ್ರಂತ ಬಿಡುತ್ತೆ, ಡ್ಯಾಶ್‌ಬೋರ್ಡು ಚಿತ್ರದೊಳಗೆ ಆ ಕಡೆ ಈ ಕಡೆ ಜಾರುತ್ತೆ. ಆಫ್ ಇಡಿ, ಇಲ್ಲಾ ಕನಿಷ್ಠಕ್ಕೆ ಇಡಿ.

ಜಿ ಸೆನ್ಸರ್ (ಗುದ್ದಿದ್ದು, ಜರ್ಕ್ ಆಗಿದ್ದು ಗುರುತಿಸೋದು) ಲೋ ಇಡಿ. ಹೈ ಇಟ್ರೆ ನಮ್ಮ ಹಂಪುಗಳನ್ನೆಲ್ಲ ಆ್ಯಕ್ಸಿಡೆಂಟ್ ಅಂತ ತಿಳ್ಕೊಂಡು ಫೈಲ್ ಲಾಕ್ ಮಾಡ್ತಾ ಹೋಗುತ್ತೆ, ಕಾರ್ಡ್ ತುಂಬಿ ಬೇಕಾದಾಗ ಜಾಗ ಇರಲ್ಲ.

ಗಕ್ ಗಕ್ ಅನ್ನೋ ವಿಡಿಯೋ

ಹೈ ಎಂಡ್ಯೂರೆನ್ಸ್ ಅಂತ ಬರೆದಿರೋ ಕಾರ್ಡೇ ಹಾಕಿ, ಯು3 ಅಥವಾ ವಿ30 ಗುರುತು ಇರ್ಲಿ. 1080ಪಿ ವಿಡಿಯೋ 17 ಎಂಬಿಪಿಎಸ್ (ಸೆಕೆಂಡಿಗೆ 17 ಮೆಗಾಬಿಟ್) ಇದ್ರೂ ಸೆಕೆಂಡಿಗೆ ಎರಡು ಎಂಬಿ (ಮೆಗಾಬೈಟ್) ಚಿಲ್ರೆ ಮಾತ್ರ, ಹೊಸ ಕಾರ್ಡಿಗೆ ಅದು ಯಾವ ಲೆಕ್ಕ, ಆದ್ರೆ ದಿನಾ ಬರೆದು ಅಳಿಸಿ ಸವೆದ ಕಾರ್ಡ್ ಮಧ್ಯೆ ಮಧ್ಯೆ ತಡವರಿಸುತ್ತೆ, ಫೋನಿಂದ ತೆಗೆದ ಹಳೇ ಕಾರ್ಡ್ ಹಾಕಿದ್ರಂತೂ ಕೇಳ್ಲೇಬೇಡಿ. ತಿಂಗಳಿಗೊಂದು ಸಲ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಡೂಪ್ಲಿಕೇಟ್ ಕಾರ್ಡ್ ಅನುಮಾನ ಇದ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ಪರೀಕ್ಷೆ ಮಾಡಿ. ಗುಂಡಿ ಬಂದಾಗ್ಲೇ ವಿಡಿಯೋ ಕಟ್ ಆಗಿ ಹೊಸ ಫೈಲ್ ಶುರುವಾಗ್ತಿದ್ರೆ ಲೈಟರ್ ಸಾಕೆಟ್ಟಲ್ಲಿ ಚಾರ್ಜರ್ ಸಡಿಲ ಇದೆ, ಚಾರ್ಜರ್ ಬದಲಾಯಿಸಿ ಅಥವಾ ಫ್ಯೂಸ್ ಬಾಕ್ಸಿಂದ ಹಾರ್ಡ್‌ವೈರ್ ಮಾಡ್ಸಿ.

ಉಳಿದಿದ್ದಕ್ಕೆ ಸಾಫ್ಟ್‌ವೇರ್

ಇಷ್ಟೆಲ್ಲಾ ಮಾಡಿದ್ಮೇಲೂ ಬಾನೆಟ್ ನಿಂತಿದ್ದು ರಸ್ತೆ ಮಾತ್ರ ಕುಣೀತಿದ್ರೆ, ಅದನ್ನ ಯೂಟ್ಯೂಬಿಗೋ ಮನೆಯೋರಿಗೆ ತೋರಿಸೋಕೋ ನುಣುಪು ಮಾಡ್ಬೇಕಂದ್ರೆ ಡಾವಿಂಚಿ ರಿಸಾಲ್ವ್ ಫ್ರೀ ವರ್ಶನ್ ಸಾಕು. ಆದ್ರೆ ಕ್ಲಿಪ್ ಹಾಕಿ ನೇರ ಸ್ಟೆಬಿಲೈಜ್ ಒತ್ತಿದ್ರೆ ಏನೂ ಆಗ್ದೇ ಇರ್ಬೋದು, ಕೆಲವೊಮ್ಮೆ ಇನ್ನೂ ಕೆಡುತ್ತೆ, ಯಾಕಂದ್ರೆ ಚಿತ್ರದ ಕೆಳಗೆ ಅಲ್ಲಾಡದೆ ಕೂತಿರೋ ಬಾನೆಟ್ಟನ್ನ, ಮೂಲೇಲಿರೋ ದಿನಾಂಕ ಮತ್ತೆ ಸ್ಪೀಡ್ ಅಕ್ಷರಗಳನ್ನ ನೋಡಿ ಸಾಫ್ಟ್‌ವೇರ್ "ಎಲ್ಲಾ ಸರಿಯಾಗೇ ಇದ್ಯಲ್ಲ" ಅನ್ಕೊಳ್ಳುತ್ತೆ. ಅದಕ್ಕೆ ಮೊದ್ಲು ಬಾನೆಟ್ಟೂ ಅಕ್ಷರಾನೂ ಹೋಗೋ ಹಾಗೆ ಕ್ರಾಪ್ ಮಾಡಿ ಬೇರೆ ಫೈಲಾಗಿ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ, ಆ ಹೊಸ ಫೈಲನ್ನ ವಾಪಸ್ ತಂದು ಇನ್‌ಸ್ಪೆಕ್ಟರಲ್ಲಿ ಸ್ಟೆಬಿಲೈಜೇಷನ್ ತೆಗೆದು ಮೋಡ್ ಟ್ರಾನ್ಸ್‌ಲೇಷನ್ ಇಟ್ಟು ಶುರು ಮಾಡಿ, ಸಾಲ್ದಿದ್ರೆ ಸಿಮಿಲಾರಿಟಿ. ಪರ್ಸ್ಪೆಕ್ಟಿವ್ ಮೋಡಲ್ಲಿ ಅಗಲ ಲೆನ್ಸಿನ ಅಂಚುಗಳು ವಿಚಿತ್ರವಾಗಿ ಎಳ್ಕೊಳ್ಳುತ್ತೆ. ಕ್ಯಾಮೆರಾ ಲಾಕ್ ಟಿಕ್ ಮಾಡ್ಬೇಡಿ, ಅದು ನಿಂತಲ್ಲೇ ತೆಗೆದ ವಿಡಿಯೋಗೆ.

ಕಮಾಂಡ್ ಟೈಪ್ ಮಾಡೋಕೆ ಭಯ ಇಲ್ದೋರು ಎಫ್‌ಎಫ್‌ಎಂಪೆಗ್ (ಫ್ರೀ ವಿಡಿಯೋ ಟೂಲ್) ಜೊತೆ ಬರೋ ವಿಡ್‌ಸ್ಟ್ಯಾಬ್ ಫಿಲ್ಟರ್ ನೋಡಿ, ಎರಡು ಸುತ್ತಲ್ಲಿ ಕೆಲಸ, ಮೊದಲನೇದ್ರಲ್ಲಿ ನಡುಕ ಅಳೆಯುತ್ತೆ, ಎರಡನೇದ್ರಲ್ಲಿ ಸರಿ ಮಾಡುತ್ತೆ. ಸ್ಮೂದಿಂಗ್ 10 ಅಂದ್ರೆ ಹಿಂದೆ ಹತ್ತು ಮುಂದೆ ಹತ್ತು ಫ್ರೇಮ್ ನೋಡುತ್ತೆ, 30 ಎಫ್‌ಪಿಎಸ್ ವಿಡಿಯೋಗೆ 15-20 ಹಾಕಿ ನೋಡಿ, ಅದಕ್ಕಿಂತ ಏರಿಸಿದ್ರೆ ತಿರುವಲ್ಲಿ ತೇಲಿದ ಹಾಗಾಗುತ್ತೆ. ಜೆಲ್ಲಿ ಥರ ಬಳುಕಿರೋ ವಿಡಿಯೋನ ಇವೆರಡೂ ಪೂರ್ತಿ ಸರಿ ಮಾಡಲ್ಲ, ಅದನ್ನ ಮೌಂಟಲ್ಲೇ ಸರಿ ಮಾಡ್ಬೇಕು.

ಒರಿಜಿನಲ್ ಮುಟ್ಬೇಡಿ

ಆ್ಯಕ್ಸಿಡೆಂಟ್, ಇನ್ಶೂರೆನ್ಸ್, ಪೊಲೀಸ್ ಕೆಲಸಕ್ಕೆ ಬೇಕಾದ ವಿಡಿಯೋ ಆಗಿದ್ರೆ ಮೇಲೆ ಹೇಳಿದ ಸ್ಟೆಬಿಲೈಜ್, ಕ್ರಾಪ್ ಎಲ್ಲಾ ಕಾಪಿ ಮೇಲೆ ಮಾತ್ರ. 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡ್ಬೇಕು, ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದ್ರೆ ಫೈಲಿನ ಬೆರಳಚ್ಚಿನಂಥ ಒಂದು ಕೋಡ್, ಬರೀಬೇಕು. ಒಂದು ಫ್ರೇಮ್ ಬದಲಾದ್ರೂ ಹ್ಯಾಶ್ ಪೂರ್ತಿ ಬೇರೆ ಬರುತ್ತೆ. ವಾಟ್ಸಾಪಲ್ಲಿ ಮಾಮೂಲಿ ವಿಡಿಯೋ ಥರ ಕಳ್ಸಿದ್ರೂ ಹಿಂಡಿ ಬೇರೆ ಫೈಲ್ ಆಗುತ್ತೆ, ಕಳಿಸ್ಲೇಬೇಕಂದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ. ಕಂಪ್ಯೂಟರಲ್ಲಿ ಸೆವೆನ್ ಜಿಪ್ ಇದ್ರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೇ ಎಸ್‌ಎಚ್‌ಎ 256 ಹ್ಯಾಶ್ ತೆಗೀಬೋದು, ಅದನ್ನ ಆವತ್ತೇ ಎಲ್ಲಾದ್ರೂ ಬರೆದಿಟ್ಕೊಳ್ಳಿ.

ಮತ್ತೆ ಲೂಪ್ ರೆಕಾರ್ಡಿಂಗ್ ಮರೀಬೇಡಿ, ಹಳೇದರ ಮೇಲೆ ಹೊಸದು ಬರ್ಕೊಂಡು ಹೋಗ್ತಾನೇ ಇರುತ್ತೆ. 64 ಜಿಬಿ ಕಾರ್ಡಲ್ಲಿ 17 ಎಂಬಿಪಿಎಸ್‌ಗೆ ಎಂಟು ಗಂಟೆ ಚಿಲ್ರೆ ಹಿಡಿಯುತ್ತೆ, ಬೆಂಗಳೂರಿಂದ ಮಂಗಳೂರಿಗೆ ಹೋಗೋವಾಗ ಹಾಸನದ ಹತ್ರ ಆಗಿದ್ದು ವಾಪಸ್ ಬರೋಷ್ಟರಲ್ಲಿ ಅಳಿಸಿ ಹೋಗಿರುತ್ತೆ. ಏನಾದ್ರೂ ಆದ್ರೆ ಕ್ಯಾಮೆರಾದಲ್ಲಿರೋ ಲಾಕ್ ಬಟನ್ ಒತ್ತಿ, ಸೈಡಿಗೆ ಹಾಕಿ ಪವರ್ ಆಫ್ ಮಾಡಿ, ಆ ಕಾರ್ಡ್ ತೆಗೆದು ಜೇಬಿಗೆ ಹಾಕ್ಕೊಂಡು ಗ್ಲವ್ ಬಾಕ್ಸಲ್ಲಿ ಇಟ್ಟಿರೋ ಸ್ಪೇರ್ ಕಾರ್ಡ್ ಹಾಕಿ ಮುಂದೆ ಹೋಗಿ.